ಅಮೆರಿಕದ ಫೆಡರಲ್ ನ್ಯಾಯಾಧೀಶರು: ಸೋನಿಯಾ ಸೋಟೊಮೇಯರ್ ವೃತ್ತಿಪಥ

ಅಮೆರಿಕದ ಸಂವಿಧಾನದ 3ನೇ ವಿಧಿ ಫೆಡರಲ್ ನ್ಯಾಯಾಧೀಶರಿಗೆ ವಯಸ್ಸು, ಪೌರತ್ವ ಮಾತ್ರವಲ್ಲ, ಕಾನೂನು ಪದವಿಯನ್ನೂ ಕಡ್ಡಾಯಗೊಳಿಸಿಲ್ಲ. ಅಧ್ಯಕ್ಷರು ನಾಮನಿರ್ದೇಶನ ಮಾಡುತ್ತಾರೆ, ಸೆನೆಟ್ ಅನುಮೋದಿಸುತ್ತದೆ. ನಿವೃತ್ತಿ ವಯಸ್ಸಿಲ್ಲ (ಭಾರತದ ಸುಪ್ರೀಂ ಕೋರ್ಟ್‌ನಲ್ಲಿ 65). ಸೇವೆಯಲ್ಲಿರುವಾಗ ಸಂಬಳ ಕಡಿತ ಮಾಡುವಂತಿಲ್ಲ. ಪದಚ್ಯುತಿಗಾಗಿ ವಾಗ್ದಂಡನೆ ಹೊರಿಸುವುದು ಪ್ರತಿನಿಧಿ ಸಭೆ, ವಿಚಾರಣೆ ನಡೆಸುವುದು ಸೆನೆಟ್. ಪರೀಕ್ಷೆಯಲ್ಲಿ ಈ ಎರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವುದುಂಟು.

ಮೂರು ಹಂತಗಳು: 94 ಜಿಲ್ಲಾ ನ್ಯಾಯಾಲಯಗಳು, 13 ಮೇಲ್ಮನವಿ ನ್ಯಾಯಾಲಯಗಳು, 9 ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್. ಮೂರನ್ನೂ ಹತ್ತಿದವರು ವಿರಳ. ಸೋಟೊಮೇಯರ್ ಅವರಲ್ಲೊಬ್ಬರು.

1954ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಪೋರ್ಟೊರಿಕೊ ಮೂಲದ ಕುಟುಂಬದಲ್ಲಿ ಜನನ. ಪ್ರಿನ್ಸ್‌ಟನ್ ಪದವಿ, 1979ರಲ್ಲಿ ಯೇಲ್‌ನಿಂದ ಕಾನೂನು ಪದವಿ. ಮ್ಯಾನ್‌ಹಟನ್‌ನಲ್ಲಿ ಸಹಾಯಕ ಸರ್ಕಾರಿ ವಕೀಲೆ. 1984ರಿಂದ ಖಾಸಗಿ ವಕೀಲಿಕೆ. 1991ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಎಚ್.ಡಬ್ಲ್ಯೂ. ಬುಷ್ ಅವರಿಂದ ಜಿಲ್ಲಾ ನ್ಯಾಯಾಲಯಕ್ಕೆ ನಾಮನಿರ್ದೇಶನ, 1992ರಲ್ಲಿ ಅನುಮೋದನೆ.

ಅವರ ಹೆಸರು ಮನೆಮಾತಾದದ್ದು ಕ್ರೀಡೆಯಿಂದ. 1994ರ ಆಗಸ್ಟ್‌ನಲ್ಲಿ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದ್ದರು. ಆ ವರ್ಷದ ವರ್ಲ್ಡ್ ಸೀರೀಸ್ ರದ್ದಾಗಿತ್ತು. ತಂಡಗಳ ಮಾಲೀಕರು ಹಳೆಯ ವೇತನ ನಿಯಮಗಳನ್ನು ಏಕಪಕ್ಷೀಯವಾಗಿ ಬದಲಿಸದಂತೆ ಅವರು 1995ರ ಮಾರ್ಚ್‌ನಲ್ಲಿ ತಡೆಯಾಜ್ಞೆ ನೀಡಿದರು. ಮುಷ್ಕರ ಕೊನೆಗೊಂಡಿತು.

1997ರಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಕ್ಲಿಂಟನ್ ಎರಡನೇ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯಕ್ಕೆ ಹೆಸರಿಸಿದರು, ಅನುಮೋದನೆ 1998ರಲ್ಲಿ. 2009ರಲ್ಲಿ ಅಧ್ಯಕ್ಷ ಒಬಾಮಾ ಅವರಿಂದ ಸುಪ್ರೀಂ ಕೋರ್ಟ್‌ಗೆ ನಾಮನಿರ್ದೇಶನ, ಸೆನೆಟ್‌ನಲ್ಲಿ 68–31 ಮತಗಳಿಂದ ಅನುಮೋದನೆ. ಸುಪ್ರೀಂ ಕೋರ್ಟ್‌ನ ಮೊದಲ ಹಿಸ್ಪಾನಿಕ್ ಹಾಗೂ ಮೂರನೇ ಮಹಿಳಾ ನ್ಯಾಯಮೂರ್ತಿ. ಮೊದಲ ಮಹಿಳೆ ಸಾಂಡ್ರಾ ಡೇ ಓ'ಕಾನರ್, 1981.