ಮೊದಲು ಬೆಚ್ಚಗಿನ ಜಾಗ, ಆಮೇಲೆ ಘಟ್ಟದ ಕೆಳಗಿನ ಗಿಡ

2016ರ ಜೂನ್ ಮೊದಲ ವಾರ ಹುಲಿಕಲ್ ಘಾಟಿ ಇಳಿದು ಕುಂದಾಪುರ ಕಡೆಯ ಅತ್ತೆ ಮನೆಗೆ ಹೋಗಿದ್ದೆ. ಬರುವಾಗ ಜೀಪಿನ ಹಿಂದೆ 12 ಗಿಡಗಳಿದ್ದವು. ರಂಬುಟಾನ್ 5, ಮ್ಯಾಂಗೋಸ್ಟೀನ್ 4, ಜೀಗುಜ್ಜೆ 3. ನರ್ಸರಿಯವರು "ನಿಮ್ಮ ಕಡೆ ಬೇಕಾದಷ್ಟು ಮಳೆ, ಒಳ್ಳೆ ಮಣ್ಣು, ಯಾಕೆ ಬರೋದಿಲ್ಲ?" ಎಂದಿದ್ದರು. ನನಗೂ ಹಾಗೇ ಅನಿಸಿತ್ತು.

ಅಡಿಕೆ ತೋಟದ ಕೆಳ ತುದಿಯಲ್ಲಿ ಕೆಲವು ಮರ ಸತ್ತು ಜಾಗ ಖಾಲಿ ಬಿದ್ದಿತ್ತು. ನೀರು ಹತ್ತಿರ, ಮಣ್ಣು ಫಲವತ್ತು. ಅಲ್ಲಿ 11 ಗಿಡ ನೆಟ್ಟೆ. ಉಳಿದ ಒಂದು ರಂಬುಟಾನಿಗೆ ಜಾಗ ಸಾಲದೆ ಹಿತ್ತಲಲ್ಲಿ ಕೊಟ್ಟಿಗೆ ಗೋಡೆಯ ಪಕ್ಕ ಹುಗಿದಿಟ್ಟೆ. ದೀಪಾವಳಿ ಹೊತ್ತಿಗೆ ಎಲ್ಲವೂ ಚಿಗುರಿ, ನೋಡಿದವರು ಹೊಗಳುವ ಹಾಗಿದ್ದವು.

ಸಂಕ್ರಾಂತಿ ಹೊತ್ತಿಗೆ ಕತೆ ಬೇರೆಯಾಯಿತು. ಮೊದಲು ಜೀಗುಜ್ಜೆಯ ಸುಳಿ ಕಪ್ಪಾಯಿತು. ರಂಬುಟಾನಿನ ಎಲೆಯಂಚು ಬೆಂಕಿ ತಾಗಿದಂತೆ ಕಂದಾಗಿ ಉದುರಿತು. ಮ್ಯಾಂಗೋಸ್ಟೀನ್ ಇದ್ದಲ್ಲೇ ನಿಂತುಬಿಟ್ಟಿತು. ಶಿವರಾತ್ರಿಯೊಳಗೆ 8 ಗಿಡ ಹೋದವು. ಮೂರು ಬದುಕಿದರೂ ಬೆಳೆಯಲಿಲ್ಲ. ಪಕ್ಕದ ಮನೆಯ ಹಿರಿಯರು ಬಂದು ನೋಡಿ, "ಅದು ಘಟ್ಟದ ಕೆಳಗಿನ ಗಿಡ ಮಾರಾಯ, ನಮ್ಮ ಚಳಿಗೆ ಆಗೋದಲ್ಲ" ಎಂದರು.

ಅವರ ಮಾತು ಒಪ್ಪಿ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಕೊಟ್ಟಿಗೆ ಪಕ್ಕದ ಆ ಒಂದು ರಂಬುಟಾನ್ ಮಾತ್ರ ಒಂದೆಲೆಯನ್ನೂ ಕಳೆದುಕೊಳ್ಳದೆ ನಿಂತಿತ್ತು. ಅದೇ ಊರು, ಅದೇ ಚಳಿ, ಅದೇ ನರ್ಸರಿಯ ಗಿಡ. ವ್ಯತ್ಯಾಸ ಎಲ್ಲಿ?

ಒಂದೇ ಮನೆಯಲ್ಲಿ ಮೂರು ಚಳಿ

ಮುಂದಿನ ಚಳಿಗಾಲಕ್ಕೆ ಮೂರು ಥರ್ಮಾಮೀಟರ್ ತಂದೆ. ಒಂದನ್ನು ತೋಟದ ಕೆಳ ತುದಿಯ ಬಯಲಲ್ಲಿ, ಒಂದನ್ನು ಹಿತ್ತಲಲ್ಲಿ, ಇನ್ನೊಂದನ್ನು ಮನೆ ಮೇಲಿನ ಬ್ಯಾಣದಲ್ಲಿ, ಮೂರನ್ನೂ ಸೊಂಟದೆತ್ತರಕ್ಕೆ ಗೂಟಕ್ಕೆ ಕಟ್ಟಿದೆ. ಸೂರ್ಯ ಹುಟ್ಟುವ ಮೊದಲು ಎದ್ದು ನೋಡುವುದು. 2018ರ ಜನವರಿಯ ಒಂದು ಬೆಳಗ್ಗೆ ಸಿಕ್ಕಿದ ಲೆಕ್ಕ ಹೀಗಿದೆ: ತೋಟದ ತಗ್ಗಿನಲ್ಲಿ 9 ಡಿಗ್ರಿ, ಹಿತ್ತಲಲ್ಲಿ 12, ಬ್ಯಾಣದಲ್ಲಿ 13. ಮೋಡ ಇದ್ದ ದಿನ ಮೂರೂ ಕಡೆ ಹೆಚ್ಚುಕಡಿಮೆ ಒಂದೇ. ಆಕಾಶ ಸ್ವಚ್ಛವಾಗಿ ಗಾಳಿ ನಿಂತ ರಾತ್ರಿಗಳಲ್ಲಿ ಮಾತ್ರ ಈ ವ್ಯತ್ಯಾಸ.

ಕಾರಣ ಸರಳ. ಹಗಲು ಕಾದ ನೆಲ ರಾತ್ರಿ ತನ್ನ ಬಿಸಿಯನ್ನು ಆಕಾಶಕ್ಕೆ ಬಿಡುತ್ತದೆ. ಮೋಡ ಇದ್ದರೆ ಅದು ಹೊದಿಕೆಯ ಹಾಗೆ ತಡೆಯುತ್ತದೆ, ಇಲ್ಲದಿದ್ದರೆ ತಡೆಯುವವರಿಲ್ಲ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಭಾರವಾದದ್ದು ಇಳಿಜಾರು ಹಿಡಿದು ನೀರಿನ ಹಾಗೆ ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕೆಳಗಡೆ ದರೆಯೋ ದಟ್ಟ ಬೇಲಿಯೋ ಇದ್ದರೆ ಕಟ್ಟೆ ಕಟ್ಟಿದ ಹಾಗೆ ಅಲ್ಲೇ ಮಡುಗಟ್ಟುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ತೋಟಗಳೆಲ್ಲ ಎಲ್ಲಿವೆ? ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ. ನೀರು, ಮಣ್ಣು ಅಲ್ಲಿಗೇ ಇಳಿದು ಬರುತ್ತದೆ ಎಂದು ಹಿರಿಯರು ಅಲ್ಲಿ ತೋಟ ಮಾಡಿದರು. ಅಡಿಕೆಗೆ ಅದು ಸರಿ. ಆದರೆ ಚಳಿಯೂ ಅದೇ ದಾರಿಯಲ್ಲಿ ಬರುತ್ತದೆ. ಅಡಿಕೆ ಮರ ತುಂಬಿದ ತೋಟದಲ್ಲಿ ಮೇಲಿನ ಸೋಗೆಯೇ ಸ್ವಲ್ಪ ಮುಚ್ಚಿಗೆ ಆಗುತ್ತದೆ. ಮರ ಸತ್ತು ಬಯಲಾದ ಜಾಗಕ್ಕೆ ಅದೂ ಇಲ್ಲ. ನಾನು ಗಿಡ ನೆಟ್ಟದ್ದು ಸರಿಯಾಗಿ ಅಲ್ಲಿಯೇ!

ಕೊಟ್ಟಿಗೆ ಗೋಡೆ ಇದಕ್ಕೆ ಉಲ್ಟಾ. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲುಗೋಡೆ ರಾತ್ರಿಯಿಡೀ ಸ್ವಲ್ಪಸ್ವಲ್ಪವಾಗಿ ಬಿಸಿ ಬಿಡುತ್ತದೆ. ಒಳಗೆ ದನಗಳ ಬಿಸಿ, ಮೇಲೆ ಮಾಡಿನ ಚಾಚು. ಇದನ್ನು ಅಮ್ಮನಿಗೆ ವಿವರಿಸಿದಾಗ ಅವರು ನಕ್ಕರು. "ಬಸಳೆ ಚಪ್ಪರ ಬಚ್ಚಲ ಹಿಂದೆ ಯಾಕೆ ಹಾಕ್ತೇವೆ ಅಂದುಕೊಂಡಿದ್ದೆ? ಬೇರೆ ಕಡೆದು ಧನುರ್ಮಾಸದಲ್ಲಿ ಮುರುಟಿ ಹೋಗ್ತದೆ" ಎಂದರು. ಹಂಡೆ ಒಲೆಯ ಬಿಸಿ, ಬಚ್ಚಲ ನೀರು ಎರಡೂ ಸಿಗುವ ಜಾಗ ಅದು. ನಾನು ಥರ್ಮಾಮೀಟರಿಗೆ ದುಡ್ಡು ಕೊಟ್ಟು ಕಲಿತದ್ದು ಅಮ್ಮನಿಗೆ ಮೊದಲೇ ಗೊತ್ತಿತ್ತು.

ಅಣ್ಣನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳ ನೆರೆಮನೆಯವರು ಅಂಗಳದಲ್ಲಿ ಬಾಳೆ ಬೆಳೆಸಿದ್ದಾರಂತೆ, ಹಣ್ಣಿಗಲ್ಲ, ಚೆಂದಕ್ಕೆ. ದಕ್ಷಿಣ ಚೀನಾ ಮೂಲದ 'ಮ್ಯೂಸಾ ಬಸ್ಜೂ' ಎಂಬ ಜಾತಿ. ಚಳಿಗಾಲ ಬರುವಾಗ ಎಲೆ ಕತ್ತರಿಸಿ, ದಿಂಡಿಗೆ ಒಣಹುಲ್ಲು ಸುತ್ತಿ, ಮೇಲಿನಿಂದ ನೀರು ಇಳಿಯದಂತೆ ಮುಚ್ಚುತ್ತಾರೆ. ವಸಂತದಲ್ಲಿ ಬಿಚ್ಚಿದರೆ ಮತ್ತೆ ಚಿಗುರು. ಹಿಮ ಬೀಳುವ ಊರಲ್ಲೂ ನಾಜೂಕು ಗಿಡಕ್ಕೆ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡವನ್ನೇ ಹುಡುಕುತ್ತಾರೆ. ನಮ್ಮ ಬಚ್ಚಲ ಹಿಂದಿನ ಬಸಳೆಯ ಲೆಕ್ಕವೇ ಅದು.

ಚಳಿ ಒಂದೇ ಅಲ್ಲ ಕೊಲ್ಲುವುದು

ನಮ್ಮಲ್ಲಿ ಹಿಮ ಬೀಳುವುದಿಲ್ಲ. 9–10 ಡಿಗ್ರಿ ಕೆಲವು ತಾಸು ಮಾತ್ರ, ಹಗಲು ಮತ್ತೆ 28–30. ಹಾಗಿದ್ದರೂ ಗಿಡ ಯಾಕೆ ಸಾಯುತ್ತದೆ? ನನ್ನ ಗಮನಕ್ಕೆ ಬಂದಂತೆ ಮೂರು ಪೆಟ್ಟು ಒಟ್ಟಿಗೆ ಬೀಳುತ್ತದೆ.

ಒಂದು, ತಣ್ಣಗಾದ ಮಣ್ಣಿನಲ್ಲಿ ಬೇರು ನೀರೆಳೆಯುವುದು ನಿಧಾನ. ಎರಡು, ಅದೇ ಹೊತ್ತಿಗೆ ಮೂಡುಗಾಳಿ ಬೀಸುತ್ತದೆ. ಮಳೆಗಾಲದ ಪಡುಗಾಳಿಯಲ್ಲಿ ತೇವ ಇದ್ದರೆ ಇದು ಬರೀ ಒಣ. ಎಲೆಯ ನೀರನ್ನು ಹೀರುತ್ತದೆ, ಬೇರು ಪೂರೈಸುವುದಿಲ್ಲ. ಮೂರು, ರಾತ್ರಿ ಚಳಿ ತಿಂದ ಎಲೆಗೆ ಬೆಳಗಿನ ಚುರುಕು ಬಿಸಿಲು ನೇರ ಹೊಡೆದರೆ ಸುಟ್ಟ ಕಲೆ ಬೀಳುತ್ತದೆ. ಹಾಗಾಗಿ ಪೂರ್ವಕ್ಕೆ ಮರೆ ಇರುವ, ದಕ್ಷಿಣ ಪಶ್ಚಿಮಕ್ಕೆ ತೆರೆದ ಜಾಗ ಒಳ್ಳೆಯದು. ಗಿಡ ನಿಧಾನ ಬೆಚ್ಚಗಾದ ಮೇಲೆ ಬಿಸಿಲು ಬೀಳಬೇಕು.

ಎತ್ತರ ಒಂದೇ ತೊಂದರೆ ಅಲ್ಲ ಎಂಬುದಕ್ಕೆ ನೀಲಗಿರಿಯ ಬರ್ಲಿಯಾರ್ ಸಾಕ್ಷಿ. ಕೂನೂರು ಘಾಟಿಯ ಇಳಿಜಾರಿನಲ್ಲಿರುವ ಆ ಸರಕಾರಿ ಹಣ್ಣಿನ ತೋಟದಲ್ಲಿ ಮ್ಯಾಂಗೋಸ್ಟೀನ್ ಹಳೆಯ ಕಾಲದಿಂದ ಫಲ ಕೊಡುತ್ತಿದೆ. ಅದು ಗುಡ್ಡದ ಓರೆಯಲ್ಲಿದೆ, ತಳದ ಮಡುವಿನಲ್ಲಲ್ಲ.

ನಾನು ಈಗ ಮಾಡುವ ಕ್ರಮ

1. ಜಾಗ ನೋಡುವುದು ಚಳಿಗಾಲದಲ್ಲಿ. ಗಿಡ ತರುವ ಹಿಂದಿನ ಧನುರ್ಮಾಸದಲ್ಲಿ ನಾಲ್ಕಾರು ದಿನ ನಸುಕಿಗೆ ಬರಿಗಾಲಲ್ಲಿ ತೋಟ, ಹಿತ್ತಲು, ಬ್ಯಾಣ ಸುತ್ತಿ. ಕಾವಳ ಎಲ್ಲಿ ಮಡುಗಟ್ಟುತ್ತದೆ, ಎಲ್ಲಿ ಕಾಲಿಗೆ ಚಳಿ ಕಡಿಯುತ್ತದೆ ಎಂದು ಗೊತ್ತಾಗುತ್ತದೆ. ಆ ಜಾಗ ಬಿಟ್ಟುಬಿಡಿ. ಗುಡ್ಡದ ತುದಿಯೂ ಬೇಡ, ಅಲ್ಲಿ ಮೂಡುಗಾಳಿ. ನಡು ಇಳಿಜಾರು, ಮನೆ ಕೊಟ್ಟಿಗೆಗಳ ಆಸುಪಾಸು ಉತ್ತಮ.

2. ನೆಡುವುದು ಮಳೆಗಾಲದ ಆರಂಭದಲ್ಲಿ. ಚಳಿ ಬರುವ ಮೊದಲು ಬೇರು ಹಿಡಿಯಲು ಐದಾರು ತಿಂಗಳಾದರೂ ಸಿಗಬೇಕು. ಅಕ್ಟೋಬರ್, ನವೆಂಬರಿನಲ್ಲಿ ತಂದ ಗಿಡವನ್ನು ನೆಡದೆ ಜಗಲಿಯಲ್ಲಿ ಚೀಲದಲ್ಲೇ ಇಟ್ಟುಕೊಂಡು ಮುಂದಿನ ಮಳೆಗೆ ನೆಡಿ. ಆಗುಂಬೆ, ನಗರ ಕಡೆಯವರು ಗುಂಡಿಗಿಂತ ದಿಬ್ಬದ ಮೇಲೆ ನೆಡುವುದು ಲೇಸು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥಲ್ಲಿ ಚಳಿಗಿಂತ ಮೊದಲು ಬುಡದ ನೀರೇ ಬೇರು ಕೊಳೆಸುತ್ತದೆ.

3. ಸೆಪ್ಟೆಂಬರ್ ನಂತರ ಯೂರಿಯಾ, ಹಸಿ ಸಗಣಿ ನೀರು ಬೇಡ. ಆಗ ಬರುವ ಎಳೆ ಚಿಗುರೇ ಚಳಿಗೆ ಮೊದಲ ಬಲಿ. ಬೇಕಿದ್ದರೆ ಒಲೆಯ ಬೂದಿ ಒಂದು ಬೊಗಸೆ ಹಾಕಿ.

4. ಮೊದಲ ಎರಡು ಚಳಿಗಾಲ ಮರೆ. ನಾಲ್ಕು ಗೂಟ ಹುಗಿದು ಮೇಲೂ ಪೂರ್ವಕ್ಕೂ ಅಡಿಕೆ ಸೋಗೆ ಕಟ್ಟಿ. ಪಶ್ಚಿಮ ತೆರೆದಿರಲಿ. ಪ್ಲಾಸ್ಟಿಕ್ ಹೊದೆಸಬೇಡಿ. ಒಮ್ಮೆ ನಾನು ಗೊಬ್ಬರದ ಚೀಲ ಮುಚ್ಚಿದ್ದೆ. ಅದು ತಾಗಿದಲ್ಲೆಲ್ಲ ಎಲೆ ಸುಟ್ಟಿತು, ಹಗಲು ಒಳಗೆ ಬೆಂದೂ ಹೋಯಿತು.

5. ನೀರು ಮಧ್ಯಾಹ್ನ ಕೊಡಿ. ಒಣ ಮಣ್ಣಿಗಿಂತ ಒದ್ದೆ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಡುತ್ತದೆ. ಸಂಜೆ ಎಲೆ ಒದ್ದೆ ಮಾಡಬೇಡಿ. ಗೋಡೆ ಬುಡದ ಗಿಡಕ್ಕೆ ಮಾರ್ಚ್ ನಂತರ ಅದೇ ಗೋಡೆ ಶತ್ರು. ಆಗ ದಪ್ಪ ದರಗು, ಹೆಚ್ಚು ನೀರು ಬೇಕು.

6. ಸತ್ತಿತು ಎಂದು ಕೂಡಲೇ ಕೀಳಬೇಡಿ. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ಅಲ್ಲಿಯವರೆಗೂ ಕತ್ತಿ ಮುಟ್ಟಬೇಡಿ. ಆಮೇಲೆ ತೊಗಟೆಯನ್ನು ಉಗುರಲ್ಲಿ ಕೆರೆದು ನೋಡಿ, ಹಸಿರು ಇದ್ದರೆ ಜೀವ ಇದೆ. ನಾನು ಕಿತ್ತೆಸೆದ 8 ಗಿಡಗಳಲ್ಲಿ ಎರಡರ ಬುಡ ಹಸಿರಿತ್ತು. ಕಿತ್ತ ಮೇಲೆ ಕಂಡದ್ದು. ಆ ನಷ್ಟ ಚಳಿಯದಲ್ಲ, ನನ್ನದೇ.

ಯಾವ ಗಿಡ ಹೇಗೆ?

ರಂಬುಟಾನ್: ಎಳೆಯ ಗಿಡ 10 ಡಿಗ್ರಿ ಹತ್ತಿರ ಸೊರಗುತ್ತದೆ. ಮೂರು ಚಳಿಗಾಲ ದಾಟಿದರೆ ಗಟ್ಟಿಯಾಗುತ್ತದೆ. ಬೀಜದ ಗಿಡ ಗಂಡಾಗುವ ಸಂಭವ ಇರುವುದರಿಂದ ಕಸಿ ಗಿಡವನ್ನೇ ತನ್ನಿ.

ಮ್ಯಾಂಗೋಸ್ಟೀನ್: ಬೀಜದ ಗಿಡವೂ ತಾಯಿಯ ಗುಣವನ್ನೇ ಹೊರುತ್ತದೆ. ಬೆಳವಣಿಗೆ ಬಹಳ ನಿಧಾನ, ಫಲಕ್ಕೆ ಎಂಟು ಹತ್ತು ವರ್ಷ ಕಾಯಬೇಕು. ಎಳೆಯದರಲ್ಲಿ ನೆರಳು ಇಷ್ಟ. ನಡು ಇಳಿಜಾರಿನ ಅಡಿಕೆ ಸಾಲಿನ ಅಂಚು ಇದಕ್ಕೆ ಹೊಂದುತ್ತದೆ.

ಜೀಗುಜ್ಜೆ: ಮೂರರಲ್ಲಿ ಹೆಚ್ಚು ನಾಜೂಕು. ಹಿತ್ತಲಲ್ಲೇ ಆಗಬೇಕು. ಎರಡನೇ ಸಲ ಬಚ್ಚಲ ಹತ್ತಿರ ನೆಟ್ಟದ್ದು ಬದುಕಿದೆ. ಚಳಿಯಲ್ಲಿ ಎಲೆ ಉದುರಿಸಿದರೂ ಬೇಸಿಗೆಯಲ್ಲಿ ಚಿಗುರುತ್ತದೆ.

ಪಚ್ಚಬಾಳೆ: ಮಳೆ ಶುರುವಿಗೆ ನೆಟ್ಟರೆ ಏಳೆಂಟು ತಿಂಗಳಿಗೆ, ಅಂದರೆ ಚಳಿಯಲ್ಲೇ ಗೊನೆ ಹಾಕಲು ಹೊರಡುತ್ತದೆ. ಆಗ ಗೊನೆ ದಿಂಡಿನ ಕುತ್ತಿಗೆಯಲ್ಲಿ ಸಿಕ್ಕಿಕೊಂಡು ಪೂರ್ತಿ ಹೊರಬರುವುದಿಲ್ಲ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಕಂದು ನೆಟ್ಟರೆ ಈ ತೊಂದರೆ ತಪ್ಪುತ್ತದೆ.

ಅಂಗಳದ ಅಂದಕ್ಕೆ ಮಾತ್ರ ಬೇಕು ಎನ್ನುವವರು ದುಡ್ಡು ಕೊಟ್ಟು ಹೊರಗಿನ ಗಿಡ ತರಬೇಕಾಗಿಲ್ಲ. ನಮ್ಮ ಬಂಡೆ ಸಂದುಗಳ ಕಲ್ಲುಬಾಳೆ ಇದೆ. ಮಳೆಗಾಲದಲ್ಲಿ ಆನೆ ಕಿವಿಯಂಥ ಎಲೆ, ಒಣ ತಿಂಗಳು ಬಂದರೆ ಎಲೆ ಒಣಗಿಸಿ ಗೆಡ್ಡೆಯಲ್ಲಿ ಜೀವ ಹಿಡಿದು ಕೂರುತ್ತದೆ. ಬಗನಿ ಮರ ಇದೆ. ಇವು ನಮ್ಮ ಚಳಿ ಕಂಡೇ ಹುಟ್ಟಿದವು.

ಒಂದು ಎಚ್ಚರಿಕೆ

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ನಮ್ಮ ಮೂರೂ ತಾಲೂಕುಗಳ ಅಡಿಕೆ ತೋಟಗಳನ್ನು ಹೆದರಿಸಿದೆ. ಮರ ಸೊರಗಿದ ಜಾಗಕ್ಕೆ ಬೇರೇನು ಹಾಕೋಣ ಎಂದು ಎಲ್ಲರೂ ಹುಡುಕುತ್ತಿದ್ದಾರೆ. ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು ಸಾಲ ಮಾಡಿ 100 ರಂಬುಟಾನ್ ಹಾಕುತ್ತೇನೆ ಎಂದು ಫೋನ್ ಮಾಡಿದ್ದರು. ಜಾಗ ಯಾವುದು ಎಂದು ಕೇಳಿದೆ. "ತೋಟದ ಕೆಳ ತುದಿ, ಮರ ಹೋಗಿ ಬಯಲಾಗಿದೆಯಲ್ಲ, ಅಲ್ಲೇ" ಎಂದರು. ನನ್ನ ಹಳೆಯ 11 ಗಿಡಗಳೇ ಕಣ್ಣೆದುರು ಬಂದವು.

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನಾಲ್ಕೇ ಗಿಡ ತನ್ನಿ. ನಾಲ್ಕು ಬೇರೆ ಬೇರೆ ಜಾಗದಲ್ಲಿ ನೆಡಿ. ಎರಡು ಚಳಿಗಾಲ ನೋಡಿ. ಯಾವ ಜಾಗದ್ದು ಎರಡನೇ ಶಿವರಾತ್ರಿಯ ನಂತರ ಬಲವಾಗಿ ಚಿಗುರುತ್ತದೋ ಅಲ್ಲಿ ಮಾತ್ರ ಮುಂದುವರಿಯಿರಿ. ಎರಡು ವರ್ಷ ಹೋಯಿತಲ್ಲ ಎನಿಸಬಹುದು. ಆದರೆ 100 ಗಿಡ ಸತ್ತರೆ ಹೋಗುವುದು ವರ್ಷ ಮಾತ್ರ ಅಲ್ಲ, ಸಾಲವೂ ಉಳಿಯುತ್ತದೆ.

ನನ್ನ ಕೊಟ್ಟಿಗೆ ಪಕ್ಕದ ರಂಬುಟಾನ್ 2021ರಲ್ಲಿ ಮೊದಲ ಹಣ್ಣು ಕೊಟ್ಟಿತು. ಹಣ್ಣಾದದ್ದು ಆಗಸ್ಟಿನ ಜಡಿಮಳೆಯಲ್ಲಿ. ಕೆಲವು ಒಡೆದವು, ಕೆಲವು ಉದುರಿದವು, ಕೆಲವು ಮಂಗನ ಪಾಲು. ಮನೆ ಮಕ್ಕಳು ತಿಂದು ನೆಂಟರಿಗೆ ಕೊಡುವಷ್ಟು ಉಳಿಯಿತು. ಇದನ್ನು ಅಡಿಕೆಗೆ ಬದಲಿ ಎಂದು ನಾನು ಹೇಳಲಾರೆ. ನಮ್ಮಲ್ಲಿ ಆಗೋದೇ ಇಲ್ಲ ಎಂಬ ಮಾತನ್ನೂ ಇನ್ನು ಒಪ್ಪಲಾರೆ. ತೀರ್ಥಹಳ್ಳಿಯ ನೆಂಟರು ಈಗ ನಾಲ್ಕು ಗಿಡ ನೆಟ್ಟಿದ್ದಾರೆ, ಒಂದು ಅವರ ಬಚ್ಚಲ ಹಿಂದೆ.