ಇಂದಿನ ಧಮ್ಮ ಚಿಂತನೆ: ಆರು ವರ್ಷ ಮುಚ್ಚಿಟ್ಟ ಮಾತು



ಕಳೆದ ಭಾನುವಾರ ನಾಲ್ಕನೇ ಶೀಲದ ಚರ್ಚೆಯಲ್ಲಿ ನಾನು ಅಮೆರಿಕದ ವೇಕೋ ಘಟನೆ ಹೇಳಿದ್ದೆ. "ಪೊಲೀಸರೇ ಅಶ್ರುವಾಯು ಶೆಲ್‌ನಿಂದ ಬೆಂಕಿ ಹಚ್ಚಿ ಮಕ್ಕಳನ್ನು ಸುಟ್ಟರು" ಎಂದಿದ್ದೆ. ಮನೆಗೆ ಹೋಗಿ ಓದಿದೆ. ನಾನು ಹೇಳಿದ್ದು ತಪ್ಪು.

ನಡೆದದ್ದು ಹೀಗೆ. 1993ರ ಫೆಬ್ರುವರಿ 28ರಂದು ಅಕ್ರಮ ಶಸ್ತ್ರಗಳ ಶಂಕೆಯಿಂದ ಸರ್ಕಾರಿ ಅಧಿಕಾರಿಗಳು ಟೆಕ್ಸಾಸ್‌ನ ವೇಕೋ ಬಳಿಯ ಒಂದು ಧಾರ್ಮಿಕ ಪಂಥದ ವಸತಿಗೆ ವಾರಂಟ್ ಹಿಡಿದು ಹೋದರು. ಗುಂಡಿನ ಕಾಳಗವಾಯಿತು. ನಾಲ್ವರು ಅಧಿಕಾರಿಗಳೂ ವಸತಿಯ ಕೆಲವರೂ ಸತ್ತರು. ಮುತ್ತಿಗೆ 51 ದಿನ ನಡೆಯಿತು. ಏಪ್ರಿಲ್ 19ರ ಬೆಳಿಗ್ಗೆ ಎಫ್‌ಬಿಐನವರು ಟ್ಯಾಂಕ್‌ನಂಥ ಸೇನಾ ವಾಹನಗಳಿಂದ ಮರದ ಗೋಡೆ ಒಡೆದು ಅಶ್ರುವಾಯು ತುಂಬಿದರು. ಮಧ್ಯಾಹ್ನದ ಹೊತ್ತಿಗೆ ಬೆಂಕಿ ಎದ್ದಿತು. 70ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 20ಕ್ಕೂ ಹೆಚ್ಚು ಮಕ್ಕಳು.

ಅಶ್ರುವಾಯು ಶೆಲ್‌ಗಳಲ್ಲಿ ಒಂದು ಬಗೆ ಬಡಿದು ಒಡೆಯುತ್ತದೆ. ಇನ್ನೊಂದು ಬಗೆಯಲ್ಲಿ ಮದ್ದು ಉರಿದು ಹೊಗೆ ಬರುತ್ತದೆ. ಒಣ ಮರ, ಬಟ್ಟೆಗೆ ತಗುಲಿದರೆ ಹೊತ್ತಿಕೊಳ್ಳಬಹುದು. ಉರಿಯುವಂಥದ್ದನ್ನು ಬಳಸಿಯೇ ಇಲ್ಲ ಎಂದು ಸರ್ಕಾರ ಹೇಳುತ್ತಿತ್ತು. 1999ರಲ್ಲಿ ಎಫ್‌ಬಿಐ, ಕೆಲವನ್ನು ಹಾರಿಸಿದ್ದು ನಿಜ ಎಂದು ಒಪ್ಪಿತು. ಮಾಜಿ ಸೆನೆಟರ್ ಜಾನ್ ಡ್ಯಾನ್‌ಫೋರ್ತ್ ತನಿಖೆ ಮಾಡಿ 2000ರಲ್ಲಿ ವರದಿ ಕೊಟ್ಟರು: ಆ ಶೆಲ್‌ಗಳನ್ನು ಹಾರಿಸಿದ್ದು ಬೆಂಕಿಗೆ ಗಂಟೆಗಳ ಮುಂಚೆ, ಬೆಂಕಿಗೆ ಅವು ಕಾರಣವಲ್ಲ, ಹಚ್ಚಿದ್ದು ಒಳಗಿದ್ದವರೇ.

ಮೊದಲ ದಿನವೇ ನಿಜ ಹೇಳಿದ್ದರೆ ಅವರಿಗೆ ನಷ್ಟವೇನಿತ್ತು? ಮುಚ್ಚಿಟ್ಟದ್ದರಿಂದ ಅವರ ನಿಜವನ್ನೂ ಎಷ್ಟೋ ಜನ ನಂಬಲಿಲ್ಲ. ಮಕ್ಕಳಿದ್ದ ಮನೆಗೆ ಟ್ಯಾಂಕ್ ನುಗ್ಗಿಸಬಹುದೇ ಎಂಬ ದೊಡ್ಡ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಇನ್ನು ನಾನು? ಲಾಠಿ ಏಟು ಕಂಡ ಕೇರಿಯಲ್ಲಿ ಬೆಳೆದವನು. ಪೊಲೀಸರ ವಿರುದ್ಧ ಯಾರು ಏನೇ ಹೇಳಲಿ, ನಂಬಿಬಿಡುತ್ತೇನೆ. ನಮ್ಮ ನೋವು ನಿಜ. ಆದರೆ ಅದಕ್ಕೆ ಒಂದು ಸುಳ್ಳು ಸೇರಿಸಿದರೆ, ನಾಳೆ ನಮ್ಮ ಮೇಲಿನ ನಿಜವಾದ ದೌರ್ಜನ್ಯವನ್ನೂ "ಇವರು ಹೇಳುವುದೇ ಹೀಗೆ" ಎಂದು ತಳ್ಳಿಹಾಕುತ್ತಾರೆ.

ಭಗವಾನ್ ಬುದ್ಧರು ಮಗ ರಾಹುಲನಿಗೆ ಕನ್ನಡಿಯ ಉದಾಹರಣೆ ಕೊಟ್ಟರು: ಮಾಡುವ ಮುನ್ನ, ಮಾಡುವಾಗ, ಮಾಡಿದ ಮೇಲೆ ನೋಡಿಕೋ, ತಪ್ಪಾಗಿದ್ದರೆ ಹೇಳಿಕೋ. ಅದಕ್ಕೇ ಇದನ್ನು ಬರೆದೆ.

ಇಂದಿನ ಅಭ್ಯಾಸ: ಸಿಟ್ಟು ತರಿಸುವ ಒಂದು ಮೆಸೇಜನ್ನು ಫಾರ್ವರ್ಡ್ ಮಾಡುವ ಮುನ್ನ ನಿಲ್ಲಿ. "ಇದು ನಿಜವೋ, ನನಗೆ ಬೇಕಾದದ್ದೋ?" ಎಂದು ಕೇಳಿಕೊಳ್ಳಿ.

ಜೈ ಭೀಮ್ 🙏