ಎಸ್‌ಎಟಿಗಾಗಿ ಮನೆಯಲ್ಲಿ ಕನ್ನಡ ಬಿಡಬೇಕೇ?

ಪ್ರಶ್ನೆ: ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಈಗ 11ನೇ ತರಗತಿ. ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಆದರೂ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿಯ ಅಭ್ಯಾಸ ಪರೀಕ್ಷೆಗಳಲ್ಲಿ ‘ಈಸ್’ ಬರಬೇಕೋ ‘ಆರ್’ ಬರಬೇಕೋ ಎಂಬಲ್ಲೇ ಎಡವುತ್ತಾಳೆ. ಮನೆಯಲ್ಲಿ ಕನ್ನಡ ಮಾತಾಡಿದ್ದೇ ಇದಕ್ಕೆ ಕಾರಣ, ಇನ್ನಾದರೂ ನಿಲ್ಲಿಸಿ ಎನ್ನುತ್ತಾರೆ ಬಂಧುಗಳು. ಏನು ಮಾಡಲಿ?
– ಒಬ್ಬ ತಾಯಿ, ಗಿಲ್‌ರಾಯ್, ಕ್ಯಾಲಿಫೋರ್ನಿಯಾ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ತಿಳಿಯದ ಮಕ್ಕಳೂ ಇದೇ ತಪ್ಪು ಮಾಡುತ್ತಾರೆ.

ಹುಡುಗ ಬಂದ, ಹುಡುಗಿ ಬಂದಳು, ಮಕ್ಕಳು ಬಂದರು. ಇಂಗ್ಲಿಷಿನಲ್ಲಿ ಮೂರಕ್ಕೂ ‘ಕೇಮ್’ ಸಾಕು. ಕರ್ತೃವಿಗೆ ಕ್ರಿಯಾಪದ ಹೊಂದಿಸುವುದು ಕನ್ನಡ ಬಲ್ಲ ಮಗುವಿಗೆ ಹೊಸದಲ್ಲ. ತೊಡಕಿರುವುದು ಪದಗಳ ಜಾಗದಲ್ಲಿ.

ನಿಮ್ಮೂರು ಬೆಳ್ಳುಳ್ಳಿಗೆ ಹೆಸರಾದದ್ದು, ಅದನ್ನೇ ತೆಗೆದುಕೊಳ್ಳೋಣ. ‘ಬೆಳ್ಳುಳ್ಳಿ ಗಡ್ಡೆಗಳ ಚೀಲ ಭಾರವಾಗಿದೆ’ ಎನ್ನುವಾಗ ‘ಚೀಲ’ ಕ್ರಿಯಾಪದದ ಪಕ್ಕದಲ್ಲೇ ಇದೆ. ಬಾಯಿ ತಪ್ಪಿಯೂ ‘ಭಾರವಾಗಿವೆ’ ಎನ್ನುವುದಿಲ್ಲ. ‘ದ ಬ್ಯಾಗ್ ಆಫ್ ಗಾರ್ಲಿಕ್ ಬಲ್ಬ್ಸ್ ಈಸ್ ಹೆವಿ’ ಎಂಬಲ್ಲಿ ‘ಬ್ಯಾಗ್’ ಮೊದಲೇ ಬಂದುಹೋಯಿತು, ಕ್ರಿಯಾಪದದ ಪಕ್ಕ ‘ಬಲ್ಬ್ಸ್’ ಬಂದು ಕೂತಿತು. ಕಿವಿ ಅದನ್ನೇ ನಂಬಿ ‘ಆರ್’ ಎನ್ನುತ್ತದೆ. ಪರೀಕ್ಷೆಯ ವಾಕ್ಯಗಳಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಒಂದಿಡೀ ಸಾಲೇ ಇರಬಹುದು.

ಆದ್ದರಿಂದ ಉತ್ತರಗಳಲ್ಲಿ ಒಂದೇ ಕ್ರಿಯಾಪದದ ಏಕವಚನ, ಬಹುವಚನ ಎರಡೂ ಕಂಡರೆ ಅವಳು ತಡೆದು ನಿಲ್ಲಲಿ. ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಲಿ. ‘ಭಾರವಾಗಿರುವುದು ಯಾವುದು?’ ಎಂದು ಕೇಳಿಕೊಳ್ಳಲಿ. ಚೀಲ ತಾನಾಗಿ ಕೈಗೆ ಸಿಗುತ್ತದೆ.

ಒಂದೆಡೆ ಮಾತ್ರ ಎಚ್ಚರ ಬೇಕು. ‘ಪ್ರತಿಯೊಬ್ಬರೂ ಬಂದಿದ್ದಾರೆ’ ಎಂದು ನಾವು ಬಹುವಚನ ಬಳಸುತ್ತೇವೆ. ಇಂಗ್ಲಿಷಿನ ‘ಎವ್ರಿವನ್’, ‘ಈಚ್’ ಏಕವಚನ, ಅವಕ್ಕೆ ‘ಹ್ಯಾಸ್’ ಬರಬೇಕು. ಇದನ್ನು ಬಾಯಿಪಾಠ ಮಾಡಿಸಿ.

ಗಾಬರಿಯೂ ಬೇಡ. ಓದು-ಬರಹದ ವಿಭಾಗದಲ್ಲಿ 64 ನಿಮಿಷಕ್ಕೆ 54 ಪ್ರಶ್ನೆಗಳು. ವ್ಯಾಕರಣ ಮತ್ತು ವಿರಾಮ ಚಿಹ್ನೆಗಳದ್ದು ಅದರಲ್ಲಿ ಸುಮಾರು ಕಾಲು ಭಾಗ, ಈ ನಿಯಮ ಅದರಲ್ಲೊಂದು ತುಣುಕು. ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡಿನ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ಣ ಅಭ್ಯಾಸ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ತಪ್ಪಾದ ವಾಕ್ಯಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಕರ್ತೃವಿಗೆ ಗೆರೆ ಎಳೆದು, ನಡುವಿನದನ್ನು ಹೊಡೆದುಹಾಕಲಿ. ದಿನಕ್ಕೆ ಹತ್ತು ನಿಮಿಷ ಸಾಕು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಂಥ ಒಂದು ವಾಕ್ಯವನ್ನು ಅವಳಿಂದ ಕನ್ನಡದಲ್ಲಿ ಹೇಳಿಸಿ ನೋಡಿ.